ಕಪ್ಪು ಡೈ ಮೇಲೆ ಕಂದು ಡೈ ಹಚ್ಚಿದರೆ ಏನಾಗುತ್ತದೆ?

ಸಿರ್ಸಿಯ ನಮ್ಮ ಮನೆಯ ಬಚ್ಚಲ ಕನ್ನಡಿಯಲ್ಲಿ ಆವತ್ತು ಕಂಡದ್ದು ಮೂರು ಥರದ ತಲೆ. ಬೈತಲೆಯ ಎರಡೂ ಕಡೆ ಒಂದು ಬೆರಳಗಲ, ಅಡಿಕೆ ಬೇಯಿಸಿದ ಚೊಗರಿನಂಥ ಕೆಂಪು. ಅದರ ಕೆಳಗೆ ಮೊದಲಿದ್ದ ಹಾಗೇ ಕಾಡಿಗೆ ಕಪ್ಪು. ತುದಿಯಲ್ಲಿ ಇನ್ನೂ ಕಪ್ಪು, ಜೊತೆಗೆ ತೆಂಗಿನ ನಾರಿನಷ್ಟು ಒರಟು. ಡಬ್ಬದ ಮೇಲಿದ್ದ ಹುಡುಗಿಯ ತಲೆ ಮಾತ್ರ ಜೇನುತುಪ್ಪದ ಹಾಗೆ ಹೊಳೆಯುತ್ತಿತ್ತು.

ಒಂಬತ್ತು ವರ್ಷದಿಂದ ಕಪ್ಪು ಡೈ ಹಚ್ಚುತ್ತಿದ್ದೆ. ಬೇಜಾರು ಬಂದದ್ದು ಕಪ್ಪಿನ ಮೇಲಲ್ಲ, ಬುಡದ ಬಿಳಿ ಗೆರೆಯ ಮೇಲೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹದಿನೈದು ದಿನಕ್ಕೆ ಅರ್ಧ ಸೆಂಟಿಮೀಟರ್. ಕಡುಗಪ್ಪಿನ ಪಕ್ಕ ಅಷ್ಟು ಬಿಳಿ ಬಂದರೂ ಸಾಕು, ಸುಣ್ಣದ ಗೆರೆ ಎಳೆದ ಹಾಗೆ ಕಾಣುತ್ತದೆ. ತಿಳಿ ಕಂದಿನ ಪಕ್ಕದಲ್ಲಾದರೆ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಮಾರಿಕಾಂಬಾ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ನೆಂಟರೆಲ್ಲ ಸೇರುವ ಹೊತ್ತು. ಅದಕ್ಕೆ ಹನ್ನೆರಡು ದಿನ ಇದ್ದಾಗ ತಿಳಿ ಕಂದು ಬಣ್ಣದ ಡಬ್ಬ ತಂದೆ. ಒಂದೂವರೆ ತಿಂಗಳಿಂದ ಡೈ ಕಾಣದ ತಲೆಗೆ ಬುಡದಿಂದ ತುದಿಯವರೆಗೆ ಬಳಿದುಕೊಂಡೆ.

ಫೋಟೋ ನೋಡಿ ಕಾರವಾರದಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಇನ್ನೊಂದು ಡಬ್ಬ ತರಬೇಡಿ. ಸುಮ್ನೆ ಇಲ್ಲಿಗೆ ಬನ್ನಿ" ಅಂದಳು. ದೇವಿಮನೆ ಘಾಟಿ ಇಳಿದು ಕುಮಟಾ ದಾಟಿ ಕಾರವಾರ ಮುಟ್ಟುವಷ್ಟರಲ್ಲಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಸೋತಿತ್ತು.

ಅವಳು ಕರೆದುಕೊಂಡು ಹೋದ ಪಾರ್ಲರಿನ ಹೆಂಗಸು ಮೊದಲು ಕೂದಲು ಮುಟ್ಟಲೇ ಇಲ್ಲ. ಒಂದು ಹಳೇ ನೋಟ್‌ಬುಕ್ ತೆಗೆದು ಕೂತರು. "ಅಕ್ಕಾ, ಈ ತಲೆಯ ಜಾತಕ ಹೇಳಿ. ಏನೇನು ಹಾಕಿದ್ದೀರಿ?"

"ಡೈ."

"ಯಾವ ಡೈ?"

ಆಗ ಒಂದೊಂದೇ ನೆನಪಾಯಿತು. ಮೊದಲೆಲ್ಲ ನೀರಲ್ಲಿ ಕಲಸುವ ಪುಡಿ. ಆಮೇಲೆ ಟ್ಯೂಬಿನ ಕ್ರೀಮು. ಮಧ್ಯದಲ್ಲಿ ಒಂದಿಷ್ಟು ದಿನ "ರಾಸಾಯನಿಕ ಬೇಡ" ಅನ್ನೋ ಹುಕಿ ಬಂದು ಮದರಂಗಿ, ಅದರ ಮೇಲೆ ಇಂಡಿಗೋ, ಅಂದರೆ ನೀಲಿ ಸೊಪ್ಪಿನ ಪುಡಿ. ಅದು ಸಾಕೆನಿಸಿ ಮತ್ತೆ ಕ್ರೀಮು. ಅವರು ಟೇಪು ಹಿಡಿದು ಅಳೆದರು. ನಲವತ್ತು ಸೆಂಟಿಮೀಟರ್. "ನಿಮ್ಮ ತುದಿಗೆ ಮೂರು ವರ್ಷ ದಾಟಿದೆ. ಮದರಂಗಿ ಯಾವಾಗ?" ಅಂದರು. ಮೂರು ವರ್ಷದ ಹಿಂದೆ. ಅಂದರೆ ಆ ಮದರಂಗಿ, ಇಂಡಿಗೋ ಎಲ್ಲ ಇನ್ನೂ ನನ್ನ ತುದಿಯಲ್ಲೇ ಕೂತಿತ್ತು. ಮರೆತದ್ದು ನಾನು, ಕೂದಲಲ್ಲ.

ಕಪ್ಪು ಮಾಡಿದ ಕೂದಲನ್ನು ತಿಳಿ ಮಾಡುವಾಗ ಎಡವುವುದು ಹೆಚ್ಚಾಗಿ ಇಲ್ಲೇ. ತಲೆ ಒಂದೇ, ಕೂದಲು ಒಂದೇ ಅಲ್ಲ. ಬುಡದ ಒಂದು ಸೆಂಟಿಮೀಟರ್ ಈ ತಿಂಗಳದ್ದು, ಡೈ ಕಂಡೇ ಇಲ್ಲ. ನಡುವಿನದು ನಾಲ್ಕಾರು ಸಲ ಕಂಡಿದೆ. ತುದಿಯದು ಇಪ್ಪತ್ತು ಮೂವತ್ತು ಸಲ ಪದರದ ಮೇಲೆ ಪದರ ಕುಡಿದಿದೆ. ಮೂರಕ್ಕೂ ಒಂದೇ ಮದ್ದು ಹಚ್ಚಿದರೆ ಮೂರು ಥರದ ಫಲ ಬರದೆ ಇನ್ನೇನು?

ಕೂದಲಿನ ಒಂದು ಎಳೆಯನ್ನು ಹಂಚಿನ ಮನೆ ಅಂದುಕೊಳ್ಳಿ. ಹೊರಗೆ ಒಂದರ ಮೇಲೊಂದು ಸವಾರಿ ಮಾಡಿಸಿದ ಹಂಚುಗಳ ಹಾಗೆ ತೆಳು ಪೊರೆಗಳಿವೆ. ಎಲ್ಲವೂ ಇಳಿಜಾರಿನಂತೆ ತುದಿಯ ಕಡೆ ಮುಖ ಮಾಡಿವೆ. ಅದಕ್ಕೇ ಬುಡದಿಂದ ತುದಿಗೆ ಬೆರಳು ಸವರಿದರೆ ನುಣುಪು, ತಿರುಗಿಸಿ ಸವರಿದರೆ ತರಿ. ಹಂಚಿನ ಕೆಳಗಿನ ಮನೆಯಲ್ಲಿ ಕೆರಾಟಿನ್ ಅನ್ನುವ ಪ್ರೋಟೀನಿನ ಹುರಿಗಳಿವೆ. ಅವುಗಳ ನಡುವೆ ಹರಡಿಕೊಂಡ ಬಣ್ಣದ ಕಣಗಳೇ ಮೆಲನಿನ್. ಇದರಲ್ಲಿ ಎರಡು ಜಾತಿ. ಕಪ್ಪು-ಕಂದು ಕೊಡುವುದು ಯೂಮೆಲನಿನ್, ಕೆಂಪು-ಹಳದಿ ಕೊಡುವುದು ಫಿಯೋಮೆಲನಿನ್. ನಮ್ಮ ಕಪ್ಪು ಕೂದಲಲ್ಲಿ ಮೊದಲನೆಯದೇ ಜಾಸ್ತಿ. ಆದರೆ ಅದು ಕರಗುತ್ತಾ ಹೋದಾಗ ಅಡಿಯಿಂದ ಕೆಂಪು, ಕಿತ್ತಳೆ ಮೇಲೇಳುತ್ತವೆ. ಈ ಮಾತು ನೆನಪಿಡಿ, ಮುಂದೆ ಬೇಕು.

ಈಗ ಡೈ ಹೇಗೆ ಒಳಗೆ ಕೂರುತ್ತದೆ ನೋಡೋಣ. ಬಹಳ ದಿನ ಉಳಿಯುವ ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಾಫೆನಿಲೀನ್‌ಡೈಅಮೈನ್. ಬಾಯಿಗೆ ಸುಲಭವಾಗಲಿ ಅಂತ ಪಿಪಿಡಿ ಅನ್ನುತ್ತಾರೆ. 1907ರಲ್ಲಿ ಪ್ಯಾರಿಸ್ಸಿನಲ್ಲಿ ಹೇರ್ ಡೈ ಮಾಡಿ ಮಾರಲು ಹೊರಟವರು ಯೂಜೀನ್ ಶ್ಯುಲರ್ ಎಂಬ ರಸಾಯನಶಾಸ್ತ್ರಜ್ಞ. 1909ರಲ್ಲಿ ಕಂಪನಿ ಕಟ್ಟಿದಾಗ ಅದರ ಹೆಸರಿನಲ್ಲೇ "ನಿರಪಾಯಕಾರಿ ಕೂದಲ ಬಣ್ಣ" ಅಂತ ಸೇರಿಸಿಕೊಂಡಿದ್ದರು. ಅದೇ ಮುಂದೆ ಲೋರಿಯಾಲ್ ಆಯಿತು. ಹಾಗೆ ಹೆಸರಿಡಬೇಕಾಗಿ ಬಂತು ಅಂದರೆ ಆ ಕಾಲದ ಜನಕ್ಕೆ ಡೈ ಬಗ್ಗೆ ಎಷ್ಟು ಹೆದರಿಕೆ ಇದ್ದಿರಬೇಕು, ಅಲ್ವಾ?

ಪಿಪಿಡಿಗೆ ಹುಟ್ಟಾ ಬಣ್ಣವಿಲ್ಲ. ಅದರ ಅಣು ತೀರಾ ಸಣ್ಣದು. ಅಮೋನಿಯಾ ಕೂದಲನ್ನು ಉಬ್ಬಿಸಿ ಹಂಚುಗಳನ್ನು ಸ್ವಲ್ಪ ಎತ್ತುತ್ತದೆ. ಆ ಸಂದಿಯಲ್ಲಿ ಪಿಪಿಡಿ ಒಳಗೆ ನುಸುಳುತ್ತದೆ. ಹಿಂದೆಯೇ ಹೈಡ್ರೋಜನ್ ಪೆರಾಕ್ಸೈಡ್ ಬಂದು ಆಮ್ಲಜನಕ ಕೊಡುತ್ತದೆ. ಸಣ್ಣ ಅಣುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗುತ್ತವೆ, ಬಣ್ಣ ತಾಳುತ್ತವೆ. ಮಳೆಗಾಲದಲ್ಲಿ ಗದ್ದೆಯ ಹಳ್ಳಕ್ಕೆ ಮೀನು ಹಿಡಿಯುವ ಕೂಣಿ ಇಡುತ್ತಾರಲ್ಲ, ಹಾಗೆ. ಮರಿ ಮೀನು ಒಳಗೆ ಹೋಯಿತು, ಒಳಗೇ ಬಲಿಯಿತು, ಇನ್ನು ಹೊರಗೆ ಬರುವ ದಾರಿ ಹಿಡಿಸುವುದಿಲ್ಲ. ಶ್ಯಾಂಪೂ, ಸೀಗೆಕಾಯಿ, ಮತ್ತಿ ಸೊಪ್ಪಿನ ಗೊಂಪು ಯಾವುದರಲ್ಲಿ ತೊಳೆದರೂ ಪೂರ್ತಿ ಹೋಗದೇ ಇರುವುದು ಇದಕ್ಕೇ.

ಇನ್ನು ಈ ಕಪ್ಪಿನ ಮೇಲೆ ಕಂದು ಡೈ ಹಚ್ಚಿದರೆ? ಗೋಡೆಗೆ ಬಣ್ಣ ಹೊಡೆದ ಹಾಗೆ ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ ಅಂತ ನಾನು ತಿಳಿದಿದ್ದೆ. ಕೂದಲ ಬಣ್ಣ ಗೋಡೆಯ ಬಣ್ಣವಲ್ಲ, ಗಾಜಿನ ಬಣ್ಣ. ಕಪ್ಪು ಗಾಜಿನ ಮೇಲೆ ಹಳದಿ ಗಾಜು ಇಟ್ಟರೆ ಹಳದಿ ಕಾಣುವುದಿಲ್ಲ, ಕಪ್ಪು ಇನ್ನಷ್ಟು ದಟ್ಟವಾಗುತ್ತದೆ. ಕಂದು ಡೈಯಲ್ಲೂ ಪೆರಾಕ್ಸೈಡ್ ಇದೆ, ನಿಜ. ಅದು ಹುಟ್ಟುಗೂದಲಿನ ಮೆಲನಿನ್ ಅನ್ನು ಒಂದಿಷ್ಟು ತಿಳಿ ಮಾಡುತ್ತದೆ. ಆದರೆ ಹಳೇ ಡೈಯ ಬಣ್ಣ ಹುಟ್ಟಿದ್ದೇ ಪೆರಾಕ್ಸೈಡಿನಿಂದ. ಅದೇ ಪೆರಾಕ್ಸೈಡಿಗೆ ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ನನ್ನ ಕನ್ನಡಿಯ ಮೂರು ಬಣ್ಣಕ್ಕೆ ಉತ್ತರ ಇಲ್ಲಿದೆ. ಬುಡದಲ್ಲಿ ಡೈ ಕಾಣದ ಕೂದಲಿತ್ತು. ಅದರ ಮೆಲನಿನ್ ಕರಗಿ ಕೆಂಪು ಮೇಲೆದ್ದಿತು. ಆ ಬುಡದಲ್ಲೇ ನಡುನಡುವೆ ಇದ್ದ ಬಿಳಿಗೂದಲಿಗೆ ಸ್ವಂತ ಬಣ್ಣವೇ ಇಲ್ಲವಾದ್ದರಿಂದ ಡಬ್ಬದ ಬಣ್ಣವನ್ನು ಹಾಗ್ಹಾಗೇ ಹಿಡಿದು ಇನ್ನೂ ಹೊಳೆಯಿತು. ಸಾಲದ್ದಕ್ಕೆ ನೆತ್ತಿಯ ಬಿಸಿ. ಬುಡದ ಹತ್ತಿರ ಮೈಶಾಖಕ್ಕೆ ಮದ್ದು ಬೇಗ ಕೆಲಸ ಮಾಡುತ್ತದೆ. ಕೆಳಗಿನ ಡೈ ಕೂದಲಿಗೆ ಮಾತ್ರ ಇನ್ನೊಂದು ಪದರ ಬಣ್ಣ ಸೇರಿತು, ಅಷ್ಟೇ. ನಮ್ಮೂರಿನವರಿಗೆ ಹೇಳುವುದಾದರೆ, ಬೇಯಿಸಿ ಚೊಗರು ಹಚ್ಚಿದ ಕೆಂಪಡಿಕೆಯನ್ನು ಮತ್ತೆ ಒಣಗಿಸಿ ಬಿಳಿ ಚಾಲಿಯಡಿಕೆ ಮಾಡಲು ಹೋದ ಹಾಗೆ.

ಹಾಗಾದರೆ ಕಪ್ಪನ್ನು ತೆಗೆಯುವುದು ಹೇಗೆ? ಎರಡು ದಾರಿ.

ಒಂದು, ಕಲರ್ ರಿಮೂವರ್. ಆಮ್ಲಜನಕ ಸೇರಿ ದೊಡ್ಡದಾದ ಬಣ್ಣವನ್ನು ಇದು ಹಿಂದಕ್ಕೆ ತಿರುಗಿಸಿ ಮತ್ತೆ ಸಣ್ಣ, ಬಣ್ಣಗೆಟ್ಟ ಅಣು ಮಾಡುತ್ತದೆ. ಕೂಣಿಯ ಮೀನು ಮತ್ತೆ ಮರಿಯಾದ ಹಾಗೆ. ಮರಿಯಾದರೆ ಸಾಲದು, ಹೊರಗೆ ಹೋಗಬೇಕು. ಹಾಗಾಗಿ ಇದರ ಜೀವ ಇರುವುದು ತೊಳೆಯುವುದರಲ್ಲಿ. ಹತ್ತು ಹದಿನೈದು ನಿಮಿಷ ಧಾರೆ ನೀರು ಬಿಡಬೇಕು, ಶ್ಯಾಂಪೂ ಹಾಕಿ ಮತ್ತೆ ತೊಳೆಯಬೇಕು. ಅರ್ಧಂಬರ್ಧ ತೊಳೆದರೆ ಉಳಿದದ್ದು ಗಾಳಿಯ ಆಮ್ಲಜನಕ ಕುಡಿದು ಮತ್ತೆ ಕಪ್ಪಾಗುತ್ತದೆ. "ಸಂಜೆ ಕಂದಾಗಿತ್ತು, ಮೂರನೇ ದಿನ ಮತ್ತೆ ಕಪ್ಪು" ಅಂತ ದೂರುವವರ ಕತೆ ಬಹಳ ಮಟ್ಟಿಗೆ ಇದೇ. ವಾಸನೆ ಕೊಳೆತ ಮೊಟ್ಟೆಯದು. ದಿನಾ ಮೀನು ಮಾರ್ಕೆಟ್ ದಾಟಿ ಕೆಲಸಕ್ಕೆ ಹೋಗುವ ನಾದಿನಿಯೂ ಮೂಗು ಮುಚ್ಚಿಕೊಂಡಳು. ಒಳ್ಳೆಯದೆಂದರೆ ಇದು ಮೆಲನಿನ್ ತಂಟೆಗೆ ಹೋಗುವುದಿಲ್ಲ, ಬ್ಲೀಚಿನಷ್ಟು ಕೂದಲು ಸುಡುವುದಿಲ್ಲ. ಆದರೆ ಮದರಂಗಿ, ಇಂಡಿಗೋ ಮುಂದೆ ಇದರ ಆಟ ಹೆಚ್ಚು ನಡೆಯುವುದಿಲ್ಲ.

ಇನ್ನೊಂದು, ಬ್ಲೀಚ್. ನೀಲಿ ಅಥವಾ ಬಿಳಿ ಪುಡಿಯಲ್ಲಿ ಪರ್ಸಲ್ಫೇಟ್ ಇರುತ್ತದೆ. ಅದನ್ನು ಡೆವಲಪರಿನಲ್ಲಿ, ಅಂದರೆ ಪೆರಾಕ್ಸೈಡ್ ಕ್ರೀಮಿನಲ್ಲಿ ಕಲಸುತ್ತಾರೆ. ಇವೆರಡೂ ಸೇರಿದರೆ ಡೈ, ಮೆಲನಿನ್ ಎರಡನ್ನೂ ಒಡೆಯುತ್ತವೆ. ಜೊತೆಗೆ ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬಂಧಗಳನ್ನೂ ಒಂದಷ್ಟು ಒಡೆಯುತ್ತವೆ. ಡೆವಲಪರ್ ಬಾಟಲಿಯ ಮೇಲೆ 20, 30, 40 ಅಂತ ಬರೆದಿರುತ್ತದೆ. 20 ವಾಲ್ಯೂಮ್ ಅಂದರೆ ಶೇಕಡಾ 6 ಪೆರಾಕ್ಸೈಡ್, 30 ಅಂದರೆ 9, 40 ಅಂದರೆ 12. ಒಂದು ಮಿಲಿಲೀಟರ್ ದ್ರವ 20 ಮಿಲಿಲೀಟರ್ ಆಮ್ಲಜನಕ ಬಿಡುತ್ತದೆ ಅನ್ನುವುದಕ್ಕೆ 20 ವಾಲ್ಯೂಮ್. ದೊಡ್ಡ ಸಂಖ್ಯೆ ತಂದರೆ ಬೇಗ ಆಗುತ್ತದೆ ಅಂತ ಆಸೆ ಬೀಳಬೇಡಿ. ದೊಡ್ಡ ಉರಿಯಲ್ಲಿ ದೋಸೆ ಹೊಯ್ದರೆ ಸೀಯುತ್ತದೆ, ಒಳಗೆ ಬೇಯುವುದಿಲ್ಲ. ಹಳೇ ಡೈ ಕೂದಲಿಗೆ 20 ಹಾಕಿ ನಿಧಾನ ಕಾಯುವುದೇ ಮೇಲು, ಅದೂ ನೆತ್ತಿಗೆ ತಾಗದ ಹಾಗೆ. ನಡುವಿಗೆ, ತುದಿಗೆ ಮೊದಲು, ಬುಡಕ್ಕೆ ಕೊನೆಗೆ. ನಾನು ಬಚ್ಚಲಲ್ಲಿ ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ಪಾರ್ಲರಿನವರು ಬಣ್ಣವನ್ನು 1ರಿಂದ 10ರವರೆಗೆ ಎಣಿಸುತ್ತಾರೆ. 1 ಕಡುಗಪ್ಪು, 10 ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತೆಳು ಹಳದಿ. ಕಪ್ಪಿನಿಂದ ಹೊರಟ ಕೂದಲು ನೇರ ಕಂದಿಗೆ ಬಂದು ನಿಲ್ಲುವುದಿಲ್ಲ. ಕೆಂಗಂದು, ಕೆಂಪು, ಕಿತ್ತಳೆ, ಆಮೇಲೆ ಹಳದಿ, ಹೀಗೆ ಮೆಟ್ಟಿಲು ಹತ್ತುತ್ತದೆ. ಅಡಿಯಿಂದ ಕೆಂಪು ಮೇಲೇಳುತ್ತದೆ ಅಂದೆನಲ್ಲ, ಅದು ಇದೇ. ಮಧ್ಯದ ಕಿತ್ತಳೆ ಮೆಟ್ಟಿಲು ನೋಡಿ ಕೆಟ್ಟುಹೋಯಿತು ಅಂತ ಅಳುವವರಿದ್ದಾರೆ. ಕೆಟ್ಟಿಲ್ಲ, ದಾರಿ ಅರ್ಧ ಆಗಿದೆ. ತಿಳಿ ಕಂದು ಸಾಕು ಅನ್ನುವವರು ಹಳದಿಯವರೆಗೆ ಹೋಗಲೂ ಬೇಕಿಲ್ಲ. 5 ಅಥವಾ 6ರಲ್ಲಿ, ಕಿತ್ತಳೆ ಇರುವಾಗಲೇ ನಿಲ್ಲಿಸಿ ಟೋನರ್, ಅಂದರೆ ಬೇಡದ ಬಣ್ಣ ಅಡಗಿಸುವ ತೆಳು ಬಣ್ಣ, ಹಾಕಬಹುದು. ಕಿತ್ತಳೆಯನ್ನು ನೀಲಿ ಕೊಲ್ಲುತ್ತದೆ, ಕೆಂಪನ್ನು ಹಸಿರು, ಹಳದಿಯನ್ನು ನೇರಳೆ. ಬಿಳಿ ಪಂಚೆಯ ಹಳದಿ ಹೋಗಲಿ ಅಂತ ನೀಲಿ ಅದ್ದುತ್ತಿದ್ದ ಅಜ್ಜಿಗೆ ಇದು ಹೊಸ ವಿದ್ಯೆಯೇನಲ್ಲ.

ಮದ್ದು ಹಚ್ಚುವ ಮೊದಲು ಮಾಡುವ ಪರೀಕ್ಷೆಯ ಮಾತು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ನಾವು ಬಿಟ್ಟುಬಿಡುವುದು ಇದನ್ನೇ. ಕಾರವಾರದ ಪಾರ್ಲರಿನವರು ನನ್ನ ಕತ್ತಿನ ಹತ್ತಿರ, ಹೊರಗೆ ಕಾಣದ ಜಾಗದಲ್ಲಿ, ಇಪ್ಪತ್ತು ಮೂವತ್ತು ಎಳೆ ಬುಡದಿಂದ ಕತ್ತರಿಸಿ ಎರಡು ಕಟ್ಟು ಮಾಡಿ ದಾರ ಕಟ್ಟಿದರು. ಮೊದಲ ಕಟ್ಟನ್ನು ಗಾಜಿನ ಬಟ್ಟಲಲ್ಲಿ ಪೆರಾಕ್ಸೈಡಿಗೆ ನಾಲ್ಕು ಹನಿ ಅಮೋನಿಯಾ ಬಿಟ್ಟು ಮುಳುಗಿಸಿದರು. ಅರ್ಧ ಗಂಟೆ ಬಟ್ಟಲಿಗೆ ಬೆನ್ನುಗೈ ತಾಗಿಸಿ ತಾಗಿಸಿ ನೋಡುತ್ತಿದ್ದರು. ಬಿಸಿಯಾಗುತ್ತದೋ, ನೊರೆ ಉಕ್ಕುತ್ತದೋ, ಕೆಟ್ಟ ವಾಸನೆ ಬರುತ್ತದೋ ಅಂತ. ಕೆಲವು ಡೈಗಳಲ್ಲಿ, ಮದರಂಗಿ ಹೆಸರಿನ ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಕುದಿಯುವಷ್ಟು ಬಿಸಿಯಾಗಬಹುದು, ಕೂದಲು ಅಲ್ಲೇ ತುಂಡಾಗಬಹುದು. ನನ್ನ ಕಟ್ಟು ಸುಮ್ಮನಿತ್ತು. ಪುಣ್ಯ.

ಎರಡನೇ ಕಟ್ಟಿಗೆ ಬ್ಲೀಚ್ ಹಚ್ಚಿ ಐದೈದು ನಿಮಿಷಕ್ಕೆ ಒರೆಸಿ ನೋಡಿದರು. ಹತ್ತು ನಿಮಿಷಕ್ಕೆ ಬುಡ ಕಿತ್ತಳೆ. ನಡುಭಾಗ ಇಪ್ಪತ್ತೈದಕ್ಕೆ ಬೆಲ್ಲದ ಬಣ್ಣ. ಮೂವತ್ತೈದಕ್ಕೆ ತೊಳೆದು ಬಿಳಿ ಕಾಗದದ ಮೇಲಿಟ್ಟಾಗ ಎಲ್ಲ ಕಿತ್ತಳೆಯಾಗಿತ್ತು, ತುದಿಯ ನಾಲ್ಕು ಬೆರಳು ಬಿಟ್ಟು. ಅಲ್ಲಿ ಬಚ್ಚಲು ಕಟ್ಟೆಯ ಪಾಚಿಯಂಥ ಹಸಿರು. "ಇದೇ ನಿಮ್ಮ ಇಂಡಿಗೋ" ಅಂದರು. ಸುತ್ತಲಿನ ಬಣ್ಣ ಬಿಟ್ಟುಹೋಗಿ ನೀಲಿ ಮಾತ್ರ ಉಳಿದರೆ ಅಡಿಯ ಹಳದಿಯ ಜೊತೆ ಸೇರಿ ಹಸಿರಾಗುತ್ತದೆ. ಆಮೇಲೆ ಒದ್ದೆ ಎಳೆಯೊಂದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರು. ಒಳ್ಳೆಯ ಕೂದಲು ಒದ್ದೆಯಾಗಿದ್ದಾಗ ಸ್ವಲ್ಪ ಹಿಗ್ಗಿ ಮತ್ತೆ ತನ್ನ ಉದ್ದಕ್ಕೆ ಬರಬೇಕು. ನನ್ನ ನಡುಭಾಗ ಬಂತು. ತುದಿ ಶಾವಿಗೆಯ ಹಾಗೆ ಹಿಗ್ಗಿ, ಹಿಗ್ಗಿದಲ್ಲೇ ಕಡಿಯಿತು. ನೋಟ್‌ಬುಕ್ಕಿನಲ್ಲಿ ಆ ಕಟ್ಟನ್ನು ಟೇಪಿನಿಂದ ಅಂಟಿಸಿ ತಾರೀಖು ಬರೆದರು. ಬೇರೆಯವರ ಹತ್ತಾರು ಕಟ್ಟುಗಳೂ ಅಲ್ಲಿದ್ದವು, ಹೆಸರಿಲ್ಲದೆ.

ಸ್ಮೂದನಿಂಗ್, ಸ್ಟ್ರೇಟನಿಂಗ್ ಮಾಡಿಸಿಕೊಂಡವರು ಅದನ್ನೂ ಮೊದಲೇ ಹೇಳಬೇಕು. ಆ ಮದ್ದುಗಳಲ್ಲಿ ಬಹಳಷ್ಟು ಕೂದಲಿನ ಅವೇ ಗಂಧಕದ ಬಂಧಗಳನ್ನು ಒಡೆದು ಕಟ್ಟುವಂಥವು. ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಾಚಣಿಗೆಯಲ್ಲೇ ಬರುತ್ತದೆ.

ನೀರಿನ ಮಾತೂ ಇದೆ. ನಮ್ಮ ಜಿಲ್ಲೆಯ ಚಿರೆಕಲ್ಲಿನ ನೆಲದಲ್ಲಿ ಕೆಲವು ಬೋರ್‌ವೆಲ್ ನೀರು ಬಕೆಟಿಗೆ ಕೆಂಪು ಕರೆ ಕಟ್ಟುತ್ತದೆ. ಅದು ಕಬ್ಬಿಣ. ಬಕೆಟಿಗೆ ಹಿಡಿಯುವುದು ಕೂದಲಿಗೂ ಹಿಡಿಯುತ್ತದೆ. ಕಬ್ಬಿಣ, ತಾಮ್ರದ ಅಂಶ ಕೂದಲಲ್ಲಿದ್ದರೆ ಪೆರಾಕ್ಸೈಡ್ ಅಡ್ಡಾದಿಡ್ಡಿ ಒಡೆದು ಹಾನಿ ಜಾಸ್ತಿ ಮಾಡುತ್ತದೆ. ಇದಕ್ಕೇ ಬ್ಲೀಚಿಗೆ ಮೊದಲು ಲೋಹ ತೆಗೆಯುವ ಕೀಲೇಟಿಂಗ್ ಶ್ಯಾಂಪೂ ಹಾಕುತ್ತಾರೆ. ಇನ್ನೂ ತಾಮ್ರದ ಹಂಡೆಯ ನೀರಲ್ಲೇ ಮೀಯುವ ನಮ್ಮಂಥವರು ಅದನ್ನೂ ಪಾರ್ಲರಿನಲ್ಲಿ ಹೇಳಿದರೆ ತಪ್ಪೇನಿಲ್ಲ. ಮದ್ದು ಕಲಸಲು ಲೋಹದ ಬಟ್ಟಲು ಬೇಡ ಅನ್ನುವುದಕ್ಕೂ ಕಾರಣ ಇದೇ.

ಮನೆಮದ್ದುಗಳ ಬಗ್ಗೆ ಉದ್ದ ಹೇಳುವುದಿಲ್ಲ. ನಿಂಬೆರಸ ಹಚ್ಚಿ ಕಡಲತಡಿಯ ಬಿಸಿಲಲ್ಲಿ ಕೂತರೆ ಹುಟ್ಟುಗೂದಲು ಒಂದಿಷ್ಟು ತಿಳಿಯಾದೀತು, ವರ್ಷಗಟ್ಟಲೆಯ ಡೈ ಅಲ್ಲಾಡುವುದಿಲ್ಲ. ಹಣೆಗೆ ಇಳಿದ ರಸ ಬಿಸಿಲಿಗೆ ಸುಟ್ಟು ಕಲೆ ಮಾಡುವುದು ಬೇರೆ. ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಚ್ಚುವುದು ನಿನ್ನೆ ಮೊನ್ನೆ ಹಾಕಿದ ಬಣ್ಣಕ್ಕೆ ಸ್ವಲ್ಪ ನಾಟುತ್ತದೆ, ಅಷ್ಟೇ. ಬಟ್ಟೆಗೆ, ಬಚ್ಚಲಿಗೆ ಹಾಕುವ ಬ್ಲೀಚು ಬೇರೆಯೇ ವಸ್ತು. ಅದು ಕೂದಲನ್ನೇ ಕರಗಿಸುತ್ತದೆ, ಹತ್ತಿರವೂ ತರಬೇಡಿ. ಕಲಸಿ ಉಳಿದ ಬ್ಲೀಚನ್ನು ನಾಳೆಗೆ ಅಂತ ಬಾಟಲಿಯಲ್ಲಿ ಮುಚ್ಚಿಡಬೇಡಿ. ಆಮ್ಲಜನಕ ಬಿಡುತ್ತಲೇ ಇರುತ್ತದೆ, ಬಾಟಲಿ ಒಡೆಯುತ್ತದೆ. ಪರ್ಸಲ್ಫೇಟ್ ಪುಡಿಯ ಧೂಳು ಉಬ್ಬಸದವರಿಗೆ ಆಗದು, ಕಿಟಕಿ ತೆರೆದಿಡಿ. ಟೋನರಾಗಲಿ ಡೈಯಾಗಲಿ, ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಹತ್ತು ವರ್ಷ ಏನೂ ಆಗದವರಿಗೂ ಪಿಪಿಡಿ ಹನ್ನೊಂದನೇ ವರ್ಷ ಅಲರ್ಜಿಯಾಗಬಹುದು.

ಹನ್ನೆರಡು ದಿನದಲ್ಲಿ ಕಂದು ತಲೆ ಆಗುವುದಿಲ್ಲ ಅಂತ ಆ ಪಾರ್ಲರಿನವರು ಖಡಾಖಂಡಿತ ಹೇಳಿದರು. ನನಗೆ ಸಿಟ್ಟು ಬಂತು, ಆದರೆ ಆ ಕಟ್ಟಿನ ಹಸಿರು ತುದಿ ಕಣ್ಣೆದುರೇ ಇತ್ತು. ಬುಡದ ಚೊಗರುಗೆಂಪನ್ನು ಮಾತ್ರ ಗಾಢ ಕಂದಿಗೆ ಇಳಿಸಿ ಕಳಿಸಿದರು. ಜಾತ್ರೆಗೆ ಜಡೆ ಹಾಕಿ ಅಬ್ಬಲಿಗೆ ದಂಡೆ ಮುಡಿದು ಹೋದೆ. ಯಾರೂ ಏನೂ ಕೇಳಲಿಲ್ಲ.

ಮುಂದಿನ ಕೆಲಸ ಏಪ್ರಿಲ್‌ನಲ್ಲಿ. ಮೊದಲು ತುದಿಯ ನಾಲ್ಕು ಬೆರಳು ಕತ್ತರಿ ಪಾಲಾಯಿತು. ಇಂಡಿಗೋ ಕೂತ ಕೂದಲಿಗೆ ಅದಕ್ಕಿಂತ ಅಗ್ಗದ, ಖಾತ್ರಿಯ ಮದ್ದಿಲ್ಲ. ಆಮೇಲೆ ರಿಮೂವರ್, ಎರಡು ವಾರ ಬಿಟ್ಟು ಮತ್ತೊಮ್ಮೆ. ಕಡುಗಪ್ಪು ಹೋಗಿ ಕೆಂಗಂದು ಬಂತು. ನಡುವೆ ವಾರಕ್ಕೆರಡು ಸಲ ತೆಂಗಿನೆಣ್ಣೆ. ಅದು ಕೂದಲ ಒಳಗೆ ಇಳಿಯಬಲ್ಲ ಕೆಲವೇ ಎಣ್ಣೆಗಳಲ್ಲಿ ಒಂದು, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ಮೇ ತಿಂಗಳಲ್ಲಿ ಬೈತಲೆಯ ಸುತ್ತ, ಕಿವಿಯ ಮೇಲ್ಗಡೆ ದಾರದಷ್ಟು ತೆಳ್ಳಗಿನ ಎಳೆಗಳಿಗೆ ಮಾತ್ರ ಫಾಯಿಲ್ ಸುತ್ತಿ ಬ್ಲೀಚ್, ಅದರ ಮೇಲೆ ನೀಲಿ ಹೆಚ್ಚಿರುವ ಟೋನರ್. ಇಡೀ ತಲೆ ಬ್ಲೀಚ್ ಮಾಡಲಿಲ್ಲ. ಹಾಗೆ ಮಾಡಿದ್ದರೆ ಎಲ್ಲ ಕೂದಲೂ ರಂಧ್ರ ಬಿದ್ದ ಹಾಗಾಗುತ್ತಿತ್ತು. ಜೂನ್ ಹಿಡಿದ ಮೇಲೆ ಈ ಮಲೆನಾಡಿನ ತೇವ ಕುಡಿದು ತಲೆ ಹತ್ತಿ ಹಿಂಜಿದ ಹಾಗೆ ನಿಲ್ಲುತ್ತಿತ್ತು, ಮೂರು ತಿಂಗಳು ಒಣಗುತ್ತಲೇ ಇರಲಿಲ್ಲ. ಕಾರವಾರದ ಪಾರ್ಲರಿನವರು ಮೇ ಕೊನೆಯ ವಾರದ ನಂತರ ಇಡೀ ತಲೆಯ ಬ್ಲೀಚ್ ಕೆಲಸ ಒಪ್ಪುವುದೇ ಇಲ್ಲವಂತೆ.

ಈಗ ಬುಡದಲ್ಲಿ ಬಿಳಿ ಬಂದರೆ ಕಂದು ಎಳೆಗಳ ನಡುವೆ ಅದೂ ಒಂದು ಹೈಲೈಟ್ ಥರ ಕಾಣುತ್ತದೆ. ಹದಿನೈದು ದಿನದ ಕೆಲಸ ಎರಡು ತಿಂಗಳಿಗೆ ಬಂದಿದೆ. ಬಚ್ಚಲಿನ ಗೂಡಿನಲ್ಲಿ ಅರ್ಧ ಉಳಿದಿದ್ದ ಇಂಡಿಗೋ ಪುಡಿಯ ಪೊಟ್ಟಣವನ್ನು ನಾದಿನಿಯೇ ಬಂದಾಗ ಎತ್ತಿ ಬಿಸಾಡಿ ಹೋದಳು.